ಮಲಗು ಅಂದರೆ ಮಲಗುವ ಯಂತ್ರ

ಬುಧವಾರ, ಮಧ್ಯಾಹ್ನ
ಲ್ಯಾಬಿನ ಹಿಂದಿನ ಕೋಣೆ

ನನ್ನ ಮುದ್ದು ಚಿನಕುರಳಿಗೆ,

ಸೋಮವಾರದಿಂದ ನೀನು ನನ್ನ ಫೋನು ಎತ್ತುತ್ತಿಲ್ಲ. ಎಲ್ಲರ ಜೊತೆ ಸೇರಿ ನಾನೂ ನಕ್ಕೆನಲ್ಲ, ಅದಕ್ಕೇ ಎಂದು ಗೊತ್ತು. ಫೋನಿನಲ್ಲೇ ನಾಲ್ಕು ಸಾಲು ಬರೆದು ಕಳಿಸಬಾರದೇ ಎಂದಳು ನಮ್ಮಲ್ಲಿ ರಕ್ತ ತೆಗೆಯುವ ಸೂಜಿ ಅಕ್ಕ. ಕೈಯಲ್ಲಿ ಬರೆದರೆ ಸುಳ್ಳು ಹೇಳುವುದು ಕಷ್ಟ ಎಂದು ದೊಡ್ಡ ಮಾತಾಡಿ ಅವಳ ಬಾಯಿ ಮುಚ್ಚಿಸಿದೆ. ಅಕ್ಷರಗಳು ಕುಂಬಳಕಾಯಿ ಗಾತ್ರ ಆಗಿವೆ, ಸಾಲುಗಳು ಒಂದರ ಮೇಲೊಂದು ಹತ್ತಿವೆ. ನಗಬೇಡ.

ನೀನು ಆ ನಗುವಿಗೆ ಮುನಿಸಿಕೊಂಡಿದ್ದೀಯ. ನಿಜ ಅದಕ್ಕಿಂತ ಕೆಟ್ಟದು. ಸುತ್ತಿ ಬಳಸಿ ಬರೆಯಲು ಹೋದರೆ ಹೇಳದೇ ಉಳಿದುಬಿಡುತ್ತೇನೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಸೋಮವಾರ ನೀನು ತೋರಿಸುತ್ತಿದ್ದ ಕ್ಲೌಡ್ ಪ್ಲಾಟ್‌ಫಾರ್ಮ್ ತಾನಾಗಿ ಕೆಟ್ಟು ನಿಲ್ಲಲಿಲ್ಲ. ನಾನು ನಿಲ್ಲಿಸಿದೆ.

ಈ ಪತ್ರವನ್ನು ನಿನ್ನ ಕಂಪನಿಯ ಸಾಹೇಬರಿಗೂ ತೋರಿಸು. ಅವರಿಗೂ ತಿಳಿಯಲೆಂದು ನಿನಗೆ ಗೊತ್ತಿರುವುದನ್ನೂ ಬರೆಯುತ್ತಿದ್ದೇನೆ. ಲ್ಯಾಬಿನ ಪರೀಕ್ಷೆಗಳ ಫಲಿತಾಂಶವೆಲ್ಲ ಇರುವುದು ನನ್ನ ಕೋಣೆಯ ಯಂತ್ರದಲ್ಲಿ. ಅದಕ್ಕೆ ಮೌಸು ಗೀಸು ಏನೂ ಬೇಡ. ಕಪ್ಪು ಪರದೆಯಲ್ಲಿ ಒಂದು ಕಮಾಂಡು ಟೈಪು ಮಾಡಿದರೆ ಹೇಳಿದ ಹಾಗೆ ಕೇಳುತ್ತದೆ. ಆ ಕಮಾಂಡುಗಳ ಹೆಸರೂ ನಾನೇ ಇಟ್ಟದ್ದು. ಶುರುವಾಗಲು ‘ಎದ್ದೇಳು’, ನಿಲ್ಲಲು ‘ಮಲಗು’, ಎಲ್ಲ ಸರಿಯಿದೆಯೇ ಎಂದು ಕೇಳಲು ‘ಊಟ ಆಯ್ತಾ’. ನಿನ್ನನ್ನು ಬೆಳೆಸಿದ ಮಾತುಗಳಲ್ಲೇ ಅದನ್ನೂ ಸಾಕಿದೆ. ನೀನು ತಂದ ಕ್ಲೌಡಿನಲ್ಲಿ ಯಂತ್ರ ಎಲ್ಲೋ ದೂರದಲ್ಲಿರುತ್ತದೆ, ಇಲ್ಲಿ ಬಣ್ಣದ ಗುಂಡಿಗಳ ಪುಟ ಮಾತ್ರ. ಲ್ಯಾಬಿಗೆ ಹೊಸದೇನು ಬೇಕಾದರೂ ಅದರ ಮೇಲೇ ಕಟ್ಟಿಕೊಳ್ಳಬಹುದು. ಎರಡರಲ್ಲಿ ಯಾವುದೆಂದು ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರು ಶುಕ್ರವಾರ ತೀರ್ಮಾನಿಸುತ್ತಾರೆ. ಅವರು ಕ್ಲೌಡನ್ನು ಒಪ್ಪಿದರೆ ನಿನ್ನ ಕೆಲಸ ಕಾಯಂ, ಇಲ್ಲದಿದ್ದರೆ ಮನೆ ದಾರಿ ಎಂದು ನೀನೇ ನನಗೆ ಹೇಳಿದ್ದೆ. ಅದು ಗೊತ್ತಿದ್ದೂ ಮಾಡಿದೆ.

ಎಷ್ಟು ಚೆನ್ನಾಗಿ ಮಾತಾಡಿದೆ ಆವತ್ತು! ನನ್ನ ಕೋಣೆಯಲ್ಲಿ ಕುರ್ಚಿ ಸಾಲದೆ ಲೆಕ್ಕದ ವಿಭಾಗದವರು ಕಿಟಕಿಯ ಕಟ್ಟೆ ಮೇಲೆ ಕೂತಿದ್ದರು. ನಾನು ಹಿಂದೆ, ನನ್ನ ಮಾಮೂಲಿ ಜಾಗದಲ್ಲಿ. ನೀನು ನನ್ನ ಕಡೆ ತಿರುಗಿ, “ಅಮ್ಮಂಗೆ ಇನ್ಮೇಲೆ ಏನೂ ನೆನಪಿಟ್ಕೊಳ್ಳೋ ತಲೆನೋವಿಲ್ಲ. ಬರೀ ನೋಡೋದು, ಒತ್ತೋದು,” ಅಂದೆ. ಎಲ್ಲರೂ ಹೌದು ಹೌದು ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನ ಪುಟ ಆ ಹೊತ್ತು ಫಲಿತಾಂಶಗಳನ್ನು ತರಿಸಿಕೊಳ್ಳುತ್ತಿದ್ದುದು ನನ್ನ ಯಂತ್ರದಿಂದಲೇ. ಕೀಲಿಮಣೆ ತೊಡೆಯ ಮೇಲಿತ್ತು. ‘ಮಲಗು’ ಎಂದು ಟೈಪು ಮಾಡಿದೆ.

ಗೋಡೆಯ ಮೇಲಿನ ಪರದೆಯಲ್ಲಿ ಪುಟ ತೆರೆಯದೆ ಚಕ್ರ ಸುಮ್ಮನೆ ತಿರುಗುತ್ತಿದೆ ಎಂದು ಪಕ್ಕದವರು ಪಿಸುಗುಟ್ಟಿದರು. ನೀನು ಟಕಟಕ ಒತ್ತುವುದು ಕೇಳಿಸಿತು. “ಒಂದು ನಿಮಿಷ ಸರ್” ಎನ್ನುವಾಗ ನಿನ್ನ ಧ್ವನಿ ನಡುಗಿದ್ದೂ ಕೇಳಿಸಿತು. ಅಮ್ಮನನ್ನು ಮೀರಿಸಲು ಹೋಗಿ ಮಗಳು ಎಡವಿದಳು ಎಂದು ಲೆಕ್ಕದವರು ಹಾಸ್ಯ ಮಾಡಿದರು. ಆಗಲೇ ನಾನು ನಕ್ಕದ್ದು. ಅಷ್ಟರಲ್ಲಿ ತುರ್ತು ವಿಭಾಗದಿಂದ ಫೋನು ಬಂತು, ಯಾವುದೋ ಮಗುವಿನ ರಕ್ತದ ರಿಪೋರ್ಟು ತೆರೆಯುತ್ತಿಲ್ಲವೆಂದು. ಕೂಡಲೇ ‘ಎದ್ದೇಳು’ ಎಂದೆ. ಮಗುವಿಗೆ ಏನೂ ಆಗಲಿಲ್ಲ, ಅದು ಆ ಮಗುವಿನ ಪುಣ್ಯ. ಆದರೆ ಆ ಹೊತ್ತಿಗೆ ನೀನು ಬ್ಯಾಗು ಹೆಗಲಿಗೇರಿಸಿ ಹೊರಟುಹೋಗಿದ್ದೆ.

ಇಷ್ಟಕ್ಕೇ ಆಗಿದ್ದರೆ ಬಾಯಿ ಹೊಲಿದುಕೊಂಡು ಇದ್ದುಬಿಡುತ್ತಿದ್ದೆನೇನೋ. ನಿನ್ನೆ, ನೀನು ಬಿಟ್ಟುಹೋದ ಲ್ಯಾಪ್‌ಟಾಪನ್ನು ವಾಪಸು ಕಳಿಸಲೆಂದು ತೆರೆದೆವು. ಪುಟದ ಮೂಲೆಯಲ್ಲಿ ನಿಮ್ಮದೇ ಥರದ ಕಪ್ಪು ಪರದೆ ಇದೆಯಲ್ಲ ಎಂದಳು ಸೂಜಿ ಅಕ್ಕ. ಕೇಳಿದ ಮೇಲೆ ನನ್ನ ಬೆರಳುಗಳು ಸುಮ್ಮನಿರುತ್ತವೆಯೇ? ಅದರಲ್ಲಿ ‘ಊಟ ಆಯ್ತಾ’ ಎಂದು ಟೈಪು ಮಾಡಿದೆ. ಬಂದ ಉತ್ತರವನ್ನು ಅವಳು ಜೋರಾಗಿ ಓದಿದಳು: “ಆಯ್ತಮ್ಮ, ನಿಂದು?”

ನನ್ನ ಹಳೆ ಯಂತ್ರ ಯಾವತ್ತೂ ನನ್ನನ್ನು ತಿರುಗಿ ಕೇಳಿಲ್ಲ. ಎದ್ದೇಳು, ಮಲಗು, ಒಂದೂ ಬಿಡದೆ ಎಲ್ಲವನ್ನೂ ನೀನು ಹೊಸದರೊಳಗೆ ನನಗೋಸ್ಕರ ಕಟ್ಟಿಟ್ಟಿದ್ದೆ. ಕಮಾಂಡು ಬೇಕೋ ಕ್ಲೌಡು ಬೇಕೋ ಎಂದು ಇಡೀ ಲ್ಯಾಬು ಕಿತ್ತಾಡುವಾಗ ನೀನು ಅದರೊಳಗೆ ಇದನ್ನು ಸೇರಿಸಿ, ಕೊನೆಯಲ್ಲಿ ತೋರಿಸಿ ನನ್ನನ್ನು ಬೆರಗಾಗಿಸಬೇಕೆಂದಿದ್ದೆ, ಅಲ್ಲವೇ? ಆ ಕೊನೆ ಬರಲು ನಾನು ಬಿಡಲಿಲ್ಲ. ಹೆತ್ತ ಮಗಳ ಮುಂದೆ ತಲೆ ಎತ್ತಲಾಗದಷ್ಟು ನಾಚಿಕೆಯಾಗುತ್ತಿದೆ, ಕಂದಾ. ರಾತ್ರಿ ಒಂದು ತುತ್ತೂ ಗಂಟಲಲ್ಲಿ ಇಳಿಯಲಿಲ್ಲ.

ಬೆಳಗ್ಗೆ ದೊಡ್ಡ ಡಾಕ್ಟರ ಬಳಿ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಏಕೆ ಹೀಗೆ ಮಾಡಿದಿರಿ ಎಂದು ಮಾತ್ರ ಕೇಳಿದರು. ಹೊಟ್ಟೆಕಿಚ್ಚು ಸರ್, ಮಗಳು ನನ್ನ ಕುರ್ಚಿ ಕಿತ್ತುಕೊಳ್ಳುತ್ತಾಳೆ ಎನಿಸಿತು ಎಂದೆ. ಶುಕ್ರವಾರ ನೀನು ಮತ್ತೊಮ್ಮೆ ತೋರಿಸಬಹುದಂತೆ, ಆಮೇಲೇ ತೀರ್ಮಾನವಂತೆ. ನನ್ನನ್ನು ಏನು ಮಾಡುವುದೆಂದು ಅವರು ಇನ್ನೂ ಹೇಳಿಲ್ಲ. ಅಲ್ಲಿಯವರೆಗೆ ಯಂತ್ರವನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ನೀನು ಹೆದರದೆ ಬಾ, ಆವತ್ತು ನಾನು ಯಂತ್ರದ ಕೋಣೆಯ ಹತ್ತಿರವೂ ಸುಳಿಯುವುದಿಲ್ಲ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಊಟ ಮಾಡುತ್ತಿದ್ದೀಯ ತಾನೇ?

ನಿನ್ನ ತಪ್ಪಿತಸ್ಥೆ,
ಅಮ್ಮ

ತಾ.ಕ.: ಈ ಚೀಟಿ ಬೇರೆಯಾಗಿ ಇಟ್ಟಿದ್ದೇನೆ, ಸಾಹೇಬರಿಗೆ ತೋರಿಸಬೇಡ. ಡಾಕ್ಟರಿಗೆ ನಾನು ಹೇಳಿದ ಕಾರಣ ಸುಳ್ಳು. ಕುರ್ಚಿಯ ಆಸೆ ನನಗೆಲ್ಲಿಯದು? ಕಳೆದ ವರ್ಷದಿಂದ ಎದುರಿಗಿರುವುದರ ನಡುಭಾಗ ನನಗೆ ಮಬ್ಬಾಗಿದೆ, ಅಂಚು ಮಾತ್ರ ಕಾಣುತ್ತದೆ. ಕಮಾಂಡು ಬೆರಳಿಗೆ ಗೊತ್ತಿದೆ, ಅದಕ್ಕೆ ಕಣ್ಣು ಬೇಡ. ಉತ್ತರವನ್ನು, ಕನ್ನಡಕ ಮರೆತೆನೆಂದು ನೆಪ ಹೇಳಿ ಸೂಜಿ ಅಕ್ಕನಿಂದ ಓದಿಸಿಕೊಳ್ಳುತ್ತೇನೆ. ನಿನಗೆ ಹೇಳಲು ನಾಚಿಕೆಯಾಯಿತು. ಶುಕ್ರವಾರದ ಕೆಲಸ ಮುಗಿದ ಮೇಲೆ ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೀಯಾ? ಬರೀ ನೋಡೋದು, ಒತ್ತೋದು ಅಂದೆಯಲ್ಲ. ಒತ್ತುವುದು ಬರುತ್ತದೆ, ಕಂದಾ. ನೋಡುವುದೇ ಆಗುತ್ತಿಲ್ಲ.