ದುಗ್ಗಪ್ಪನ ಎಲೆ

ಪುತ್ತೂರು
೨-೮-೧೯೬೧

ಪ್ರೀತಿಯ ಸೇವಂತಿಗೆ,

ನಾನಿಲ್ಲಿ ಕ್ಷೇಮ. ಸುಳ್ಯದಲ್ಲಿ ನಿನ್ನ ಅಮ್ಮನ ಕಾಲಿನ ಊತ ಇಳಿದದ್ದು ತಿಳಿದು ಸಮಾಧಾನವಾಯಿತು. ನಿನ್ನ ಕಾಗದ ಬಂದು ಒಂಬತ್ತು ದಿನ ಆಯ್ತು. ಪುರುಸೊತ್ತು ಇರಲಿಲ್ಲ ಅಂತ ಬರೆದರೆ ನೀನು ನಂಬುತ್ತಿ, ಆದರೆ ಅದು ಸುಳ್ಳು. ಮೂರು ಸಲ ಬರೆದು ಹರಿದೆ.

ಹೋಟೆಲು ನಡೀತಾ ಉಂಟು. ಶೀನಪ್ಪಣ್ಣನ ಚಾಕ್ಕೆ ಸಕ್ಕರೆ ಬೇಡ, ಪೋಸ್ಟ್ ಮಾಸ್ತರರಿಗೆ ಗೋಳಿಬಜೆ ಕಪ್ಪಗಾಗುವಷ್ಟು ಕಾಯಬೇಕು, ಧರ್ಮಪಾಲ ಮಾಸ್ಟ್ರಿಗೆ ದೋಸೆಯ ಅಂಚು ಮಾತ್ರ ಗರಿಗರಿ. ದಿನಾ ಬರುವ ಇಪ್ಪತ್ತೇಳು ಮಂದಿಯ ಬಾಯಿರುಚಿ ನನಗೆ ಬಾಯಿಪಾಠ. ಮನೆಯ ವಿಷಯದಲ್ಲಿ ಮಾತ್ರ ನನ್ನ ಲೆಕ್ಕ ಕೂಡುವುದಿಲ್ಲ.

ನೀನು ಬರೆದಿದ್ದಿ: "ಆಟಿ ಅಮಾವಾಸ್ಯೆಗೆ ಮೊದಲು ಬರುತ್ತೇನೆ. ಒಳ್ಳೆ ಕಣಿಲೆ ಸಿಕ್ಕಿದೆ. ಅವರ ಎಲೆಗೆ ಒಣ ಸೀಗಡಿ ತಂದಿಡಿ. ಈ ಸಲ ಅಮ್ಮನೂ ಕುಮುದಿನಿ ಅಕ್ಕನೂ ಬರುತ್ತಾರೆ, ಇಬ್ಬರಿಗೂ ಆ ಎಲೆ ನೋಡಬೇಕಂತೆ."

'ಅವರು' ಎಂದರೆ ನಾನಲ್ಲ. ನೀನು ನನ್ನನ್ನು ಮದುವೆಯಾಗಿ ಬಂದು ಆರು ವರ್ಷವಾದರೂ ನಿನ್ನ ಬಾಯಲ್ಲಿ ಅವರು ಎಂದರೆ ತೀರಿಹೋದ ನಿನ್ನ ಮೊದಲಿನ ಗಂಡ, ದುಗ್ಗಪ್ಪ.

ನಾನೇ ಒಪ್ಪಿದ್ದು ಹೌದು. "ಅವರ ಮನೆಯಲ್ಲಿ ಬಡಿಸುವವರು ಯಾರೂ ಉಳಿಯಲಿಲ್ಲ. ಆಟಿಯಲ್ಲಿ ಸತ್ತವರಿಗೆ ಬಡಿಸುವ ದಿನ ಅವರಿಗೂ ಒಂದು ಎಲೆ ಹಾಕುತ್ತೇನೆ, ಬೇಡ ಹೇಳಬಾರದು" ಎಂದು ನೀನು ಮದುವೆಗೆ ಮೊದಲೇ ಮಾತು ತೆಗೆದುಕೊಂಡಿದ್ದಿ. ಒಂದು ಎಲೆ ತಾನೆ ಎಂದುಕೊಂಡೆ. ಒಂದು ಎಲೆಯಲ್ಲಿ ಎಷ್ಟು ಹಿಡಿಯುತ್ತದೆ ಅಂತ ಹೋಟೆಲಿನವನಿಗೆ ಗೊತ್ತಿರಬೇಕಿತ್ತು. ಅವನ ಕಣಿಲೆಗೆ ಎಳೆ ಬಿದಿರನ್ನು ಸಣ್ಣಗೆ ಕೊಚ್ಚಿ ಮೂರು ದಿನ ನೀರಲ್ಲಿಡುತ್ತಿ, ದಿನಕ್ಕೆರಡು ಸಲ ನೀರು ಬದಲು. ಒಟ್ಟು ಆರು ನೀರು. ನನ್ನ ಗಂಜಿಗೆ ಒಂದೇ ನೀರು.

ನಿನ್ನೆ ಸೀಗಡಿಗೆಂದು ಹಸನಬ್ಬನ ಒಣಮೀನಿನ ಅಂಗಡಿಗೆ ಹೋದೆ.

"ಎಂತ ಕುಕ್ಕಪ್ಪಣ್ಣ, ನೆಂಟರು ಬರುವವರಿದ್ದಾರಾ?"

"ಹೌದು ಮಾರಾಯ, ದೂರದವರು."

"ಹಾಗಾದರೆ ದೊಡ್ಡದೇ ಕೊಡ್ತೇನೆ. ಬೇಗ ಹೋಗುವವರಾ?"

"ಹೋಗುದೇ ಇಲ್ಲ."

ಅವನು ನಕ್ಕ. ನಾನೂ ನಕ್ಕೆ, ಅಂಗಡಿಯ ಮೆಟ್ಟಿಲು ಇಳಿಯುವವರೆಗೆ.

ಇನ್ನು ಹರಿದು ಹಾಕಿದ ಮೂರು ಕಾಗದಗಳ ವಿಷಯ. ಕಳೆದ ವರ್ಷ ನೀನು ಎಲೆ ಬಡಿಸಿ, ದೀಪ ಇಟ್ಟು, ಬಾಗಿಲು ಎಳೆದು ಜಗಲಿಯಲ್ಲಿ ಕೂತೆ. ನಾನು ದನದ ಹಟ್ಟಿಯ ಕಡೆ ಹೋಗಿ ಬರುತ್ತೇನೆ ಎಂದೆ. ಹಟ್ಟಿಗೆ ಹೋಗಲಿಲ್ಲ. ಅಡುಗೆಮನೆಯ ಬಾಗಿಲಿಂದ ಒಳಗೆ ಬಂದು ದುಗ್ಗಪ್ಪನ ಎಲೆಯ ಮುಂದೆ ಕೂತು ತಿಂದೆ. ಮೊದಲು ಒಂದು ಸೀಗಡಿ. ಆಮೇಲೆ ಲೆಕ್ಕ ತಪ್ಪಿತು. ಬಂದ ದಾರಿಯಲ್ಲೇ ಸುತ್ತಿ ಜಗಲಿಗೆ ಬಂದೆ.

ಬಾಗಿಲು ತೆಗೆದವಳು ನೀನು ಎಲೆ ನೋಡಿ ಅಲ್ಲೇ ಕೂತುಬಿಟ್ಟೆ. "ಬಂದಿದ್ದಾರೆ. ನೋಡಿ, ತಿಂದಿದ್ದಾರೆ" ಎಂದು ಅಳುತ್ತಲೇ ನಕ್ಕೆ. ಆ ನಗುವನ್ನು ನಾನು ಅದೇ ಮೊದಲು ನೋಡಿದ್ದು. ನಾನೇ ತಿಂದದ್ದು ಎಂದು ಹೇಳುವ ಬದಲು ಬಾಯಿ ಒರೆಸಿಕೊಂಡೆ. ತಿಂದವನು ನಾನು, ನಗು ಅವನ ಪಾಲಿಗೆ ಹೋಯಿತು. ಹೊಟ್ಟೆಕಿಚ್ಚು ಎಂದರೆ ಹೌದು, ಹೊಟ್ಟೆಕಿಚ್ಚೇ. ಬದುಕಿದ್ದವನಾದರೆ ಜಗಳವಾದರೂ ಆಡಬಹುದಿತ್ತು.

ಈ ಸಲ ನಿನ್ನ ಅಮ್ಮ, ಅಕ್ಕನ ಎದುರು ಎಲೆ ಬಡಿಸಿದ ಹಾಗೆಯೇ ಇದ್ದರೆ, ದುಗ್ಗಪ್ಪ ಮುನಿದ ಎಂದು ನೀನು ವರ್ಷವಿಡೀ ಕೊರಗುತ್ತಿ. ನಾನು ಮತ್ತೆ ತಿಂದರೆ ವರ್ಷವಿಡೀ ನಗುತ್ತಿ. ತಿನ್ನುವುದು ಸುಲಭ. ಆದರೆ ಜೀವ ಇರುವವರೆಗೆ ಅವನ ಪರವಾಗಿ ಉಣ್ಣುವುದು ನನ್ನಿಂದಾಗದು. ಅದಕ್ಕೆ ನೀನು ಹೊರಡುವ ಮೊದಲೇ ಬರೆದೆ. ಬೈಯುವುದಿದ್ದರೆ ಬಂದು ಬೈಯಿ. ಬಾರದೆ ಇರಬೇಡ.

ಅಮ್ಮನಿಗೆ ನಮಸ್ಕಾರ. ಅಕ್ಕನ ಮಕ್ಕಳಿಗೆ ಆಶೀರ್ವಾದ. ನಿನಗೆ ದೇವರು ಒಳ್ಳೆಯದು ಮಾಡಲಿ, ನನ್ನ ಮೇಲೆ ಸಿಟ್ಟಿದ್ದರೂ.

ನಿನ್ನ
ಕುಕ್ಕಪ್ಪ

ಮತ್ತೆ: ಸೀಗಡಿಯ ಆಸೆಗೆ ತಿಂದದ್ದಲ್ಲ. ಅಪ್ಪ ಅಮ್ಮ ಹೋದ ಮೇಲೆ ಕೆದಂಬಾಡಿಯ ಮಾವನ ಮನೆಯಲ್ಲಿ ಬೆಳೆದೆನಲ್ಲ, ಅಲ್ಲಿ ಎಲ್ಲರದ್ದೂ ಆದ ಮೇಲೆ ನನ್ನ ಬಟ್ಟಲು. ತಳದ್ದು, ತಣ್ಣಗಿನದ್ದು. ಬೈದು ಹಾಕಿದವರಲ್ಲ, ನೆನಪಾದಾಗ ಹಾಕಿದವರು. ಈಗಲೂ ನಾನು ಹೋಟೆಲು ಮುಚ್ಚಿ ಬರುವಷ್ಟರಲ್ಲಿ ನೀನು ಮುಚ್ಚಿಟ್ಟದ್ದು ಆರಿರುತ್ತದೆ. ಅದು ನಿನ್ನ ತಪ್ಪಲ್ಲ. ಆದರೆ ಆವತ್ತು ದುಗ್ಗಪ್ಪನ ಎಲೆಯಿಂದ ಹಬೆ ಏಳುತ್ತಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ನಾನು ಹೋದ ಮೇಲೆ ನನ್ನ ಎಲೆಗೆ ಎಂತ ಬಡಿಸುತ್ತಿ? ನೀನು ಕೇಳಿದ್ದಿಲ್ಲ, ನನಗೂ ಗೊತ್ತಿರಲಿಲ್ಲ. ಇಪ್ಪತ್ತೇಳು ಮಂದಿಯ ರುಚಿ ಬಲ್ಲವನು ನನ್ನದನ್ನು ಬರೆಯಲು ಕೂತರೆ ಒಂದೇ ಶಬ್ದ ಬಂತು: ಬಿಸಿ.

ಸೀಗಡಿ ತಂದಿಟ್ಟಿದ್ದೇನೆ. ಮೊದಲು ಅವನಿಗೇ ಬಡಿಸಿ ಬಾಗಿಲು ಹಾಕು. ನನಗೆ ಬಡಿಸುವಾಗ ಬಾಗಿಲು ಹಾಕಬೇಡ. ನಾನು ಒಲೆಯ ಹತ್ತಿರವೇ ಕೂತಿರುತ್ತೇನೆ.