ಎಂಟು ವರ್ಷದ ಸಹಪಾಠಿ

ಶುಕ್ರವಾರ, ಮಾರ್ಚ್ ೧೪

ಇತಿಹಾಸ ಗಮನಿಸಲಿ: ಇಂದು ನನ್ನ ಎಡಗೈಯ ನಾಲ್ಕು ಉಗುರುಗಳು ಸಂಗೀತಕ್ಕಾಗಿ ಪ್ರಾಣತ್ಯಾಗ ಮಾಡಿದವು. ಉಗುರಿದ್ದರೆ ಪಿಟೀಲಿನ ತಂತಿ ಸರಿಯಾಗಿ ಒತ್ತಲಾಗುವುದಿಲ್ಲವಂತೆ. ಅವು ಹೋದ ಮೇಲೂ ಪಿಟೀಲು ಹಳೇ ಬಾಗಿಲಿನಂತೆ ಕಿರುಗುಟ್ಟಿತು. ಅರವತ್ತಮೂರಕ್ಕೆ ಇದೆಲ್ಲ ಬೇಕಿತ್ತೇ? ಇನ್ನು ಈ ಕ್ಲಾಸಿಗೆ ಬರುವುದಿಲ್ಲವೆಂದು ಗೊಣಗಿ, ಟೀಚರಿಗೆ ಹೇಳಲು ಎದ್ದೆ. ಪಕ್ಕದಲ್ಲಿ ಕೂರುವ ಎಂಟು ವರ್ಷದ ಪುಟಾಣಿ ನನ್ನ ಅಂಗಿ ಹಿಡಿದೆಳೆದಳು.

"ತಾತಾ, ಬಿಡ್ಬೇಡಿ! ನೀವು ಹೋದ್ರೆ ಕ್ಲಾಸಲ್ಲಿ ಎಲ್ರಿಗಿಂತ ಕೆಟ್ಟದಾಗಿ ನುಡಿಸೋಳು ನಾನೇ ಆಗ್ತೀನಿ!"

ಕಚೇರಿಯ ಮೂವತ್ತೈದು ವರ್ಷಗಳಲ್ಲಿ ಇಷ್ಟು ಪ್ರಾಮಾಣಿಕವಾಗಿ ಯಾರೂ ನಾನು ಬೇಕೆಂದಿರಲಿಲ್ಲ. ಕೂತುಬಿಟ್ಟೆ. ಇಬ್ಬರೂ ಸೇರಿ ಇನ್ನಷ್ಟು ಕಿರುಗುಟ್ಟಿದೆವು.

ಈ ಡೈರಿಯನ್ನು ಕದ್ದು ಓದುವ ಮನೆಯಾಕೆಗೊಂದು ಕೋರಿಕೆ: ಮಂಗಳವಾರ ಸಂಜೆ, ಮುಂದಿನ ಕ್ಲಾಸಿನ ಹೊತ್ತಿಗೆ, ನಾನು ಮಂಡಿನೋವು ಅಂದರೆ ನಂಬಬೇಡ. ನನ್ನನ್ನು ಹೊರಗೆ ಕಳಿಸಿ ಚಿಲಕ ಹಾಕಿಕೋ.