ಹಳೆಯ ಎತ್ತಿನ ಬೆಲೆ

ಟಿಲ್‌ಬರ್ಗ್
೧೦ ಸೆಪ್ಟೆಂಬರ್ ೧೯೯೮

ಚಿರಂಜೀವಿ ಬಸವಂತಪ್ಪನಿಗೆ ನಿನ್ನ ದೊಡ್ಡಪ್ಪ ದೂರದಿಂದಲೇ ತಲೆ ಸವರಿ ಬರೆಯುವುದು.

ನಿನ್ನ ಅವ್ವ ಗಿರಿಜಾದೇವಿಯ ಮೊಣಕಾಲು ಹೇಗಿದೆ? ನೆಲಕ್ಕೆ ಕೂತು ರೊಟ್ಟಿ ಬಡಿಯುವುದನ್ನು ಬಿಟ್ಟಳೇ? ಬಿಟ್ಟಿರಲಾರಳು, ಅವಳು ಯಾರ ಮಾತು ಕೇಳಿದವಳು! ಸೊಸೆ ವತ್ಸಲಾಳ ಕೆಮ್ಮು ನಿಂತಿತೇ? ಮಹಾಂತೇಶ ನಿನ್ನ ಭುಜ ದಾಟಿದನೆಂದು ಬರೆದಿದ್ದೀ. ಮಗನಿಗೆ ದೃಷ್ಟಿಯಾಗದಿರಲಿ. ಇಲ್ಲಿ ಮಗ ಅರವಿಂದ, ಸೊಸೆ ವೈಶಾಲಿ ಕೆಲಸಕ್ಕೆ ಹೋಗಿ ಬರುತ್ತಿದ್ದಾರೆ. ಮೊಮ್ಮಗ ಈಶಾನ್ ಮನೆಯಲ್ಲೇ ಇದ್ದಾನೆ.

ನಿನ್ನ ಕಾಗದ ಓದಿದವನೇ ಇದನ್ನು ಬರೆಯಲು ಕೂತೆ. ನಿಮ್ಮ ಕಬಡ್ಡಿ ತಂಡದ ಹಿರಿಯರೆಲ್ಲ ನೌಕರಿ ಹಿಡಿದು ಹೋದರು, ಉಳಿದವರು ಮಹಾಂತೇಶನ ವಾರಿಗೆಯ ಹುಡುಗರು. ದಾವಣಗೆರೆಯಲ್ಲಿ ಇಬ್ಬರು ಪಳಗಿದ ಆಟಗಾರರು ಈಗ ಯಾವ ತಂಡಕ್ಕೂ ಸೇರದೆ ಖಾಲಿ ಇದ್ದಾರೆ, ಆದರೆ ಬಹಳ ದುಡ್ಡು ಕೇಳುತ್ತಾರೆ ಎಂದು ಬರೆದಿದ್ದೀ. ಹೊರಗಿನವರು ಬೇಡ, ನಮ್ಮ ಹುಡುಗರೇ ಸಾಕು ಎಂದು ಹೇಳಲು ನೀನು ನನ್ನ ಯುಗಾದಿಯ ಪತ್ರವನ್ನು ಗರಡಿಮನೆಯಲ್ಲಿ ಓದಿದೆಯಂತೆ. ಅದನ್ನು ಹರಿದು ಹಾಕು. ಹೊರಗಿನವನನ್ನು ಬೇಡವೆಂದರೆಂದು ಇಲ್ಲಿಯ ಬೇಸ್‌ಬಾಲ್ ಕ್ಲಬ್ಬನ್ನು ಹೊಗಳಿ ಬರೆದಾಗ ಆಟ ಇನ್ನೂ ಶುರುವಾಗಿರಲಿಲ್ಲ. ಆಮೇಲಿನದನ್ನು ಬರೆಯಲು ನನಗೆ ಮನಸ್ಸಾಗಲಿಲ್ಲ.

ಬೇಸ್‌ಬಾಲ್ ಎಂದರೆ ಲಗೋರಿಗೂ ಕ್ರಿಕೆಟ್ಟಿಗೂ ಹುಟ್ಟಿದ ಕೂಸು. ಒಬ್ಬ ಚೆಂಡು ಎಸೆಯುತ್ತಲೇ ಇರಬೇಕು, ಆಟದ ಭಾರವೆಲ್ಲ ಅವನ ತೋಳಿನ ಮೇಲೆ. ಹೋದ ವರ್ಷ ಈಶಾನನ ಕ್ಲಬ್ಬು ಸೋತು ಕೆಳಗಿನ ದರ್ಜೆಗೆ ಬಿತ್ತು. ದೊಡ್ಡವರು ಬೇರೆ ಕ್ಲಬ್ಬು ನೋಡಿಕೊಂಡರು. ಹುಡುಗರನ್ನು ಕಟ್ಟಿಕೊಂಡು ಹೊಸದಾಗಿ ಶುರುಮಾಡಬೇಕಾಯಿತು.

ಚಳಿಗಾಲದಲ್ಲಿ ಅವರ ಕ್ಯಾಂಟೀನಿನಲ್ಲಿ ಸಭೆ ಸೇರಿತು. ತರಬೇತುದಾರ ಹೆಂಕ್ ಎಂಬವನು ಕುರಸಾವ್ ದ್ವೀಪದ ಒಬ್ಬ ಹಳೆಯ ಎಸೆತಗಾರನನ್ನು ಕರೆಸೋಣ ಎಂದ. ಆತ ಕೇಳಿದ ಸಂಬಳ ತಿಳಿದು ಮುದುಕನೊಬ್ಬ, ಅಷ್ಟು ಕೊಟ್ಟರೆ ಕ್ಯಾಂಟೀನಿನ ಪಾತ್ರೆಯನ್ನೂ ತೊಳೆದು ಹೋಗುತ್ತಾನೇನು ಎಂದು ಎಲ್ಲರನ್ನೂ ನಗಿಸಿದ. ಅಧ್ಯಕ್ಷನ ಲೆಕ್ಕಾಚಾರ ಬೇರೆ: ಹೇಗೂ ಎರಡು ವರ್ಷ ಸೋಲುವವರೇ, ನಮ್ಮ ಹುಡುಗರು ಮಾಗುವ ಹೊತ್ತಿಗೆ ಇವನು ಮುದುಕನಾಗಿರುತ್ತಾನೆ, ಸೋಲುವುದಕ್ಕೆ ಇಷ್ಟು ದುಡ್ಡೇಕೆ? ಹೆಂಕ್ ಒಂದೇ ಮಾತು ಹೇಳಿದ. ಅವನು ಬರಲಿ ಎನ್ನುವುದು ಗೆಲ್ಲಿಸಲಿಕ್ಕಲ್ಲ, ಈ ಹುಡುಗರು ದಿನವೂ ಎಸೆಯುವುದು ತಪ್ಪಲಿ ಎಂದು.

ಅರವಿಂದ ನನ್ನ ಕಿವಿಯಲ್ಲಿ, "ಅಪ್ಪಾ, ಅಂವಾ ಬಂದ್ರ ನಮ್ಮ ಈಶಾನ್ ಬೆಂಚ್ ಕಾಯ್ಕೋತ ಕುಂದರಬೇಕಾಗ್ತದ. ಹೊರಗಿನವಗ ರೊಕ್ಕ ಯಾಕ ಸುರೀಬೇಕು?" ಎಂದು, ಬೇಡ ಎನ್ನುವವರ ಜೊತೆ ಕೈ ಎತ್ತಿದ. ಬೇಡ ಎಂಬುದೇ ಗೆದ್ದಿತು. ನಾನೂ ಚಪ್ಪಾಳೆ ತಟ್ಟಿದೆ.

ಅಲ್ಲಿಂದ ಪ್ರತಿ ಶನಿವಾರ, ಭಾನುವಾರ ಈಶಾನನೇ ಎಸೆದ. ಜೊತೆಯ ಹುಡುಗರು ಒಬ್ಬೊಬ್ಬರೇ ಭುಜ ಹಿಡಿದುಕೊಂಡು ಕೂತರು. ಹದಿನೇಳರ ಹುಡುಗ, ಮೀಸೆ ಬಲಿತ ಗಂಡಸರ ಎದುರು. ಮನೆಗೆ ಬಂದರೆ ವೈಶಾಲಿ ಎಣ್ಣೆ ಕಾಯಿಸಿ ಕೊಡುವಳು, ನಾನು ಮೊಣಕೈ ತಿಕ್ಕುವೆ. ಗರಡಿಯ ನೋವು, ಮೈ ಕಟ್ಟುವ ನೋವು ಎಂದೇ ನಾವು ತಿಳಿದದ್ದು. ಹೇಗಿದೆಯಪ್ಪಾ ಎಂದರೆ "ಖಾತ್ ವೆಲ್" ಎನ್ನುತ್ತಿದ್ದ. ಪರವಾಗಿಲ್ಲ ಎನ್ನುವುದಕ್ಕೆ ಇಲ್ಲಿಯ ಮಕ್ಕಳ ಮಾತು ಅದು. ಹೆಂಕ್ ಕೇಳಿದರೂ ಅದೇ ಉತ್ತರ.

ಆಗಸ್ಟಿನ ಒಂದು ಭಾನುವಾರ. ಎದುರಿನವರು ಗೆದ್ದಾಗಿತ್ತು, ಆಟ ಮುಗಿಸುವುದಷ್ಟೇ ಬಾಕಿ. ಈಶಾನ್ ಎಸೆದ ಚೆಂಡು ಅರ್ಧ ದಾರಿಯಲ್ಲೇ ಬಿತ್ತು. ಅವನು ತನ್ನ ತೋಳನ್ನು ಬೇರೆ ಯಾರದ್ದೋ ಎಂಬಂತೆ ನೋಡುತ್ತ ನಿಂತ. ಮೊಣಕೈಯ ಕೀಲು ಹಿಡಿದಿಡುವ ಕಟ್ಟು ಹರಿದಿತ್ತು, ನರಕ್ಕೂ ಪೆಟ್ಟಾಗಿತ್ತು. ಶಸ್ತ್ರಚಿಕಿತ್ಸೆ ಆಯಿತು. ಇನ್ನು ಎಸೆಯುವ ಮಾತಿಲ್ಲ ಎಂದರು ಡಾಕ್ಟರು. ಅರವಿಂದ ಆಸ್ಪತ್ರೆಯ ಗೋಡೆಗೆ ಒರಗಿ, "ಅಪ್ಪಾ, ಅವತ್ತ ನಾನಽ ಕೈ ಎತ್ತಿದ್ನಲ್ಲಪಾ" ಎಂದ.

ಈಗ ಮತ್ತೆ ಸಭೆ ಸೇರಿ ಆ ಕುರಸಾವ್‌ನವನನ್ನೇ ಕರೆಸುವುದೆಂದು ತೀರ್ಮಾನಿಸಿದ್ದಾರೆ. ಮೊದಲಿಗಿಂತ ಹೆಚ್ಚು ಕೇಳಿದನಂತೆ. ಈ ಸಲ ಯಾರೂ ನಗಲಿಲ್ಲವಂತೆ.

ಬಸವಂತಪ್ಪಾ, ಎರಡು ಎಳೆ ಹೋರಿಗಳನ್ನು ಒಂದೇ ನೊಗಕ್ಕೆ ಹೂಡುವವರನ್ನು ನಿನ್ನ ಅಜ್ಜ ಬೈಯುತ್ತಿದ್ದ. ಹೋರಿಯ ಮಗ್ಗುಲಿಗೆ ಹಳೆಯ ಎತ್ತು ಬೇಕು. ಅದು ಹೆಚ್ಚು ಉಳುತ್ತದೆಂದಲ್ಲ, ಎಳೆಯದರ ಹೆಗಲು ಉಳಿಯುತ್ತದೆಂದು. ಇಷ್ಟು ತಿಳಿದವನು ನಾನು, ಪರದೇಶದ ಆಟ ಎಂದು ಮರೆತೆ.

ದಾವಣಗೆರೆಯವರನ್ನು ಕರೆಸು. ಕಪ್ ಗೆದ್ದು ತರಲೆಂದು ಬೇಡ, ಬಲಿತವರು ಮೇಲೆ ಬಿದ್ದಾಗ ಮಹಾಂತೇಶನ ಮುಂದೆ ಒಂದು ಗಟ್ಟಿ ಮೈ ಇರಲೆಂದು. ಇಬ್ಬರಾಗದಿದ್ದರೆ ಒಬ್ಬನನ್ನಾದರೂ. ಅದೂ ಆಗದಿದ್ದರೆ ಈ ದಸರೆಯ ಪಂದ್ಯದಲ್ಲಿ ಆಡಲೇ ಬೇಡಿ. ನಗುವವರು ನಗಲಿ.

ನಿನ್ನ ದೊಡ್ಡಪ್ಪ,
ವೀರಭದ್ರಪ್ಪ

ತಾ.ಕ.: ನನ್ನ ಪತ್ರಗಳ ಕೊನೆಗೆ ಈಶಾನ್ ಬರೆಯುವ ಕನ್ನಡ ಸಾಲು ಮುತ್ತಿನ ಹಾಗಿದೆ ಎಂದು ನೀನು ಬರೆಯುತ್ತಿದ್ದೆ. ಕೆಳಗಿನ ಸೊಟ್ಟ ಸಾಲೂ ಅವನದೇ, ಎಡಗೈಯದು. ಬಲಗೈಯ ಬೆರಳು ಪೆನ್ನು ಹಿಡಿಯುತ್ತಿಲ್ಲ. ಮಧ್ಯಾಹ್ನವೆಲ್ಲ ಕೂತು ಬರೆದ, ನನ್ನನ್ನು ಕೈ ಹಿಡಿಯಗೊಡಲಿಲ್ಲ. ಉತ್ತರವನ್ನು ಅವನ ಹೆಸರಿಗೇ ಬರೆ. ತೋಳಿನ ಸುದ್ದಿ ಎತ್ತಬೇಡ.

ಕಾಕಾ ಹೆಂಗದೀರಿ ನಾ ಆರಾಮ ಅದೀನಿ ಲಗೂ ಬರೀರಿ
ಈಶಾನ್